ಪತಿಯ ಉದ್ಯಮ, ಪತ್ನಿಯ ಸಾಲ ಸಮಿತಿ: ಐಸಿಐಸಿಐ–ವಿಡಿಯೋಕಾನ್ ಪ್ರಕರಣದ ಒಂದು ಅಧ್ಯಯನ

ಐಸಿಐಸಿಐ ಬ್ಯಾಂಕಿನ ವ್ಯವಸ್ಥಾಪಕ ನಿರ್ದೇಶಕಿಯೂ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯೂ ಆಗಿದ್ದ ಚಂದಾ ಕೊಚ್ಚರ್ ಅವರ ಪ್ರಕರಣವನ್ನು ಸಾಮಾನ್ಯವಾಗಿ ಒಂದು ಸಾಲ ಹಗರಣವೆಂದೇ ಓದಲಾಗುತ್ತದೆ. ಎಷ್ಟು ಕೋಟಿ ಹೋಯಿತು, ಯಾರ ಬಂಧನವಾಯಿತು, ಯಾರಿಗೆ ಜಾಮೀನು ಸಿಕ್ಕಿತು ಎಂಬಲ್ಲಿಗೆ ಚರ್ಚೆ ಮುಗಿದುಹೋಗುತ್ತದೆ. ವಿಡಿಯೋಕಾನ್ ಸಮೂಹಕ್ಕೆ ಬ್ಯಾಂಕು ಸಾಲ ಕೊಟ್ಟದ್ದಕ್ಕೆ ಪ್ರತಿಫಲ ಸಂದಿತೇ ಎಂಬುದನ್ನು ವಿಚಾರಣಾ ನ್ಯಾಯಾಲಯ ತೀರ್ಮಾನಿಸಬೇಕು. ಕೊಚ್ಚರ್ ದಂಪತಿ ಆರೋಪಗಳನ್ನು ನಿರಾಕರಿಸುತ್ತಲೇ ಬಂದಿದ್ದಾರೆ. ಆದರೆ ಆ ತೀರ್ಪಿಗೆ ಕಾಯದೆಯೇ ಉತ್ತರಿಸಬಹುದಾದ, ಯಾವ ಊರಿನ ಯಾವ ಕಚೇರಿಯಲ್ಲಾದರೂ ಎದುರಾಗಬಹುದಾದ ಪ್ರಶ್ನೆಯೊಂದು ಈ ಪ್ರಕರಣದೊಳಗೆ ಇದೆ. ಗಂಡನ ಉದ್ಯಮಕ್ಕೆ ಕೈಜೋಡಿಸಿದ ವ್ಯಕ್ತಿಯ ಸಾಲದ ಅರ್ಜಿ ಸಮಿತಿಯ ಮುಂದೆ ಬಂದಾಗ ಹೆಂಡತಿ ಆ ಸಮಿತಿಯಲ್ಲಿ ಕೂರಬಹುದೇ? ಕೂರುವಂತಿಲ್ಲ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಅವರು ಕೂರದಂತೆ ನೋಡಿಕೊಳ್ಳುವ ಹೊಣೆಯನ್ನು ಸಂಪೂರ್ಣವಾಗಿ ಅವರ ಹೆಗಲಿಗೇ ಬಿಟ್ಟುಬಿಟ್ಟ ಸಂಸ್ಥೆಯ ವ್ಯವಸ್ಥೆಯೂ ಅಷ್ಟೇ ದೋಷಪೂರಿತವಾಗಿತ್ತು ಎಂಬುದನ್ನು ಈ ಅಧ್ಯಯನದಲ್ಲಿ ತೋರಿಸಲು ಯತ್ನಿಸಿದ್ದೇನೆ.

ಘಟನೆಗಳ ಅನುಕ್ರಮ

ಚಂದಾ ಕೊಚ್ಚರ್ 1984ರಲ್ಲಿ ತರಬೇತಿ ಅಧಿಕಾರಿಯಾಗಿ ಐಸಿಐಸಿಐ ಸೇರಿದವರು. ಹಂತಹಂತವಾಗಿ ಮೇಲೇರಿ, 2008ರ ಡಿಸೆಂಬರ್‌ನಲ್ಲಿ ಕೆ.ವಿ. ಕಾಮತ್ ಅವರ ಉತ್ತರಾಧಿಕಾರಿಯೆಂದು ಘೋಷಿತರಾಗಿ, 2009ರ ಮೇ 1ರಂದು ಅಧಿಕಾರ ವಹಿಸಿಕೊಂಡರು. 2011ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಭಾರತೀಯ ಬ್ಯಾಂಕಿಂಗ್ ಕ್ಷೇತ್ರದಲ್ಲಿ ಮಹಿಳೆಯರು ಏರಬಹುದಾದ ಎತ್ತರಕ್ಕೆ ಅವರ ಹೆಸರನ್ನೇ ಉದಾಹರಣೆಯಾಗಿ ಕೊಡುತ್ತಿದ್ದ ಕಾಲವದು.

ಅವರ ನೇಮಕದ ಘೋಷಣೆಯಾದ ಅದೇ ಡಿಸೆಂಬರ್ 2008ರಲ್ಲಿ ಅವರ ಪತಿ ದೀಪಕ್ ಕೊಚ್ಚರ್ ನ್ಯೂಪವರ್ ರಿನ್ಯೂವಬಲ್ಸ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಪವನ ವಿದ್ಯುತ್ತಿನಂಥ ನವೀಕರಿಸಬಹುದಾದ ಇಂಧನದ ಕ್ಷೇತ್ರ ಅದು. ಕಂಪನಿಯಲ್ಲಿ ಅವರ ಜೊತೆಗಾರರಾಗಿದ್ದವರು ವಿಡಿಯೋಕಾನ್ ಸಮೂಹದ ಮುಖ್ಯಸ್ಥ ವೇಣುಗೋಪಾಲ್ ಧೂತ್. ಆರಂಭದಲ್ಲಿ ಸುಮಾರು ಅರ್ಧ ಪಾಲು ಧೂತ್ ಅವರ ಕಡೆಯದು, ಉಳಿದರ್ಧ ಕೊಚ್ಚರ್ ಕುಟುಂಬದ ಕಡೆಯದು. 2009ರ ಜನವರಿಯಲ್ಲಿ ಧೂತ್ ನ್ಯೂಪವರ್‌ನ ನಿರ್ದೇಶಕ ಸ್ಥಾನ ಬಿಟ್ಟು ತಮ್ಮ ಷೇರುಗಳನ್ನು ವರ್ಗಾಯಿಸಿದರು. ಕಾಗದದ ಮೇಲೆ ಸಂಬಂಧ ಕಡಿದಂತಾಯಿತು. ಆದರೆ ಹಣದ ಸಂಬಂಧ ಕಡಿಯಲಿಲ್ಲ. ಧೂತ್ ಅವರ ಒಡೆತನದ ಸುಪ್ರೀಂ ಎನರ್ಜಿ ಎಂಬ ಕಂಪನಿಯ ಮೂಲಕ ನ್ಯೂಪವರ್‌ಗೆ 64 ಕೋಟಿ ರೂಪಾಯಿ ಬಂತು. ಮುಂದಿನ ಕೆಲವು ವರ್ಷಗಳಲ್ಲಿ ಸುಪ್ರೀಂ ಎನರ್ಜಿಯೇ ಕೈಬದಲಾಗಿ, ದೀಪಕ್ ಕೊಚ್ಚರ್ ನಿರ್ವಹಿಸುತ್ತಿದ್ದ ಒಂದು ಟ್ರಸ್ಟಿನ ವಶಕ್ಕೆ ಬಂತು.

ತನಿಖಾ ಸಂಸ್ಥೆಗಳ ದೋಷಾರೋಪದ ತಿರುಳು ಎರಡು ವಾರಗಳ ಒಂದು ಅವಧಿಯಲ್ಲಿದೆ. 2009ರ ಆಗಸ್ಟ್ 26ರಂದು ವಿಡಿಯೋಕಾನ್ ಇಂಟರ್‌ನ್ಯಾಷನಲ್ ಎಲೆಕ್ಟ್ರಾನಿಕ್ಸ್ ಕಂಪನಿಗೆ 300 ಕೋಟಿ ರೂಪಾಯಿ ಸಾಲವನ್ನು ಬ್ಯಾಂಕಿನ ಸಮಿತಿ ಮಂಜೂರು ಮಾಡಿತು. ಆ ಸಮಿತಿಯಲ್ಲಿ ಚಂದಾ ಕೊಚ್ಚರ್ ಇದ್ದರು. ಸೆಪ್ಟೆಂಬರ್ 7ರಂದು ಸಾಲದ ಹಣ ಬಿಡುಗಡೆಯಾಯಿತು. ಮರುದಿನ, ಸೆಪ್ಟೆಂಬರ್ 8ರಂದು, 64 ಕೋಟಿ ನ್ಯೂಪವರ್‌ಗೆ ಹೋಯಿತು ಎಂಬುದು ಸಿಬಿಐ ವಾದ. 2009ರಿಂದ 2011ರವರೆಗೆ ವಿಡಿಯೋಕಾನ್ ಸಮೂಹಕ್ಕೆ ಒಟ್ಟು 1,875 ಕೋಟಿ ರೂಪಾಯಿಯ ಆರು ಸಾಲಗಳು ಮಂಜೂರಾದವು, ಅವುಗಳಲ್ಲಿ ಎರಡರ ಮಂಜೂರಾತಿ ಸಮಿತಿಯಲ್ಲಿ ಕೊಚ್ಚರ್ ಇದ್ದರು ಎಂದೂ ಅದು ಹೇಳಿದೆ. 2012ರಲ್ಲಿ ಸುಮಾರು 20 ಬ್ಯಾಂಕುಗಳ ಒಕ್ಕೂಟ ವಿಡಿಯೋಕಾನ್‌ಗೆ 40,000 ಕೋಟಿಯ ಸಾಲ ಒದಗಿಸಿದಾಗ ಐಸಿಐಸಿಐ ಪಾಲು 3,250 ಕೋಟಿ. ಅದರಲ್ಲಿ ಸುಮಾರು 2,810 ಕೋಟಿ ಮರಳಿ ಬರಲಿಲ್ಲ. 2017ರಲ್ಲಿ ಆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಆಯಿತು.

ಮಂಡಳಿಯ ಮೊದಲ ಉತ್ತರ

ಬ್ಯಾಂಕಿನ ಹೂಡಿಕೆದಾರರೊಬ್ಬರು 2016ರಲ್ಲೇ ಈ ವ್ಯವಹಾರಗಳ ಬಗ್ಗೆ ಪ್ರಧಾನಿಗೆ ಪತ್ರ ಬರೆದಿದ್ದರು. ಆಗ ನಡೆದ ಪರಿಶೀಲನೆಯಲ್ಲಿ ಆಕ್ಷೇಪಾರ್ಹವಾದದ್ದೇನೂ ಕಂಡಿಲ್ಲವೆಂದು ವಿಷಯವನ್ನು ಅಲ್ಲಿಗೇ ಬಿಡಲಾಯಿತು. ಎರಡು ವರ್ಷ ಕಳೆದು, 2018ರ ಮಾರ್ಚ್ ಕೊನೆಯಲ್ಲಿ, ವಿಷಯ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದಾಗ ಆಡಳಿತ ಮಂಡಳಿ ಮುಖ್ಯ ಕಾರ್ಯನಿರ್ವಾಹಕರಲ್ಲಿ ಪೂರ್ಣ ವಿಶ್ವಾಸ ವ್ಯಕ್ತಪಡಿಸಿ ಹೇಳಿಕೆ ಕೊಟ್ಟಿತು.

ಆ ಹೇಳಿಕೆಯ ಎರಡು ವಾದಗಳನ್ನು ಬಿಡಿಸಿ ನೋಡಬೇಕು, ಏಕೆಂದರೆ ಹಿತಾಸಕ್ತಿ ಸಂಘರ್ಷದ ಪ್ರಶ್ನೆ ಎದ್ದಾಗ ಬಹುತೇಕ ಸಂಸ್ಥೆಗಳು ಇವೇ ಎರಡನ್ನು ಮುಂದಿಡುತ್ತವೆ. ಮೊದಲನೆಯದು, 2012ರ ಸಾಲವನ್ನು ಮಂಜೂರು ಮಾಡಿದ ಸಮಿತಿಗೆ ಕೊಚ್ಚರ್ ಅಧ್ಯಕ್ಷರಾಗಿರಲಿಲ್ಲ ಎಂಬುದು. ಅಧ್ಯಕ್ಷ ಸ್ಥಾನದಲ್ಲಿ ಇಲ್ಲದಿರುವುದಕ್ಕೂ ಸಭೆಯಲ್ಲೇ ಇಲ್ಲದಿರುವುದಕ್ಕೂ ಅಜಗಜಾಂತರವಿದೆ. ಸಂಸ್ಥೆಯ ಅತ್ಯುನ್ನತ ಕಾರ್ಯನಿರ್ವಾಹಕ ಅಧಿಕಾರಿ ಮೇಜಿನ ಯಾವ ತುದಿಯಲ್ಲಿ ಕುಳಿತರೂ ಉಳಿದ ಅಧಿಕಾರಿಗಳ ಕಣ್ಣು ಅವರ ಮುಖದ ಮೇಲೇ ಇರುತ್ತದೆ. ಅವರು ಬಾಯಿ ಬಿಡದಿದ್ದರೆ ಅದನ್ನೂ ಒಪ್ಪಿಗೆ ಎಂದೇ ತಿಳಿಯಲಾಗುತ್ತದೆ. ಕಾನೂನಿನ ದೃಷ್ಟಿಯಲ್ಲೂ ಅಧ್ಯಕ್ಷತೆ ಮುಖ್ಯವಲ್ಲ. ಆಗ ಜಾರಿಯಲ್ಲಿದ್ದ 1956ರ ಕಂಪನಿ ಕಾಯ್ದೆಯ 299ನೇ ಕಲಮು ನಿರ್ದೇಶಕರು ತಮ್ಮ ನೇರ ಅಥವಾ ಪರೋಕ್ಷ ಹಿತಾಸಕ್ತಿಯನ್ನು ಮಂಡಳಿಗೆ ತಿಳಿಸಬೇಕೆಂದೂ, 300ನೇ ಕಲಮು ಅಂಥವರು ಆ ವಿಷಯದ ಚರ್ಚೆಯಲ್ಲಿ ಭಾಗವಹಿಸಬಾರದು, ಮತ ಹಾಕಬಾರದು ಎಂದೂ ಹೇಳುತ್ತಿದ್ದವು. 2013ರ ಕಾಯ್ದೆಯ 184ನೇ ಕಲಮಿನ ಆಶಯವೂ ಅದೇ.

ಎರಡನೆಯ ವಾದ, ನ್ಯೂಪವರ್‌ನ ಹೂಡಿಕೆದಾರರಲ್ಲಿ ಯಾರೂ ಬ್ಯಾಂಕಿನ ಸಾಲಗಾರರಲ್ಲ ಎಂಬುದು. ಹೇಳಿಕೆಯ ದಿನದ ದಾಖಲೆಯನ್ನಷ್ಟೇ ನೋಡಿದರೆ ಇದನ್ನು ಸಮರ್ಥಿಸಿಕೊಳ್ಳಲು ಸಾಧ್ಯವಿತ್ತೇನೋ. ಆದರೆ ಹಿತಾಸಕ್ತಿಯನ್ನು ಅಳೆಯಬೇಕಾದದ್ದು ನಿರ್ಧಾರ ತೆಗೆದುಕೊಂಡ ದಿನದಂದು, ಮತ್ತು ಅದಕ್ಕೆ ಹಿಂದಿನ, ಮುಂದಿನ ಸಾಕಷ್ಟು ಅವಧಿಯನ್ನು ಸೇರಿಸಿಕೊಂಡು. ಷೇರು ಇದ್ದವರು ಷೇರು ಮಾರಿರಬಹುದು, ಷೇರಿನ ಜಾಗದಲ್ಲಿ ಸಾಲಪತ್ರ ಬಂದಿರಬಹುದು, ಸಾಲ ಕೊಟ್ಟ ಕಂಪನಿಯೇ ಬೇರೆಯವರ ಹೆಸರಿಗೆ ಹೋಗಿರಬಹುದು. ರೂಪ ಬದಲಾದ ಮಾತ್ರಕ್ಕೆ ಋಣ ತೀರುವುದಿಲ್ಲ. ಗಂಡನ ಕಂಪನಿ ಕಣ್ಣುಬಿಡುವ ಹೊತ್ತಿನಲ್ಲಿ ಬಂಡವಾಳ ತಂದವನಿಗೆ ಆ ಮನೆಯವರೆಲ್ಲ ಉಪಕೃತರಾಗಿರುವುದು ಮನುಷ್ಯ ಸಹಜ. ನಿಯಮ ಇರುವುದು ಆ ಸಹಜತೆಯನ್ನು ಗಮನದಲ್ಲಿಟ್ಟುಕೊಂಡೇ.

ಈ ಎರಡೂ ವಾದಗಳ ಬೆನ್ನಿಗಿದ್ದದ್ದು ಒಂದೇ ತಪ್ಪು ಗ್ರಹಿಕೆ ಎಂದು ನನಗೆ ಅನಿಸುತ್ತದೆ. ಮಂಡಳಿ ಪ್ರಶ್ನೆಯನ್ನು ವ್ಯಕ್ತಿಯ ಪ್ರಾಮಾಣಿಕತೆಯ ಪ್ರಶ್ನೆಯಾಗಿ ಕೇಳಿಸಿಕೊಂಡು, ಅದಕ್ಕೆ ವಿಶ್ವಾಸದ ಭಾಷೆಯಲ್ಲಿ ಉತ್ತರ ಕೊಟ್ಟಿತು. ಕೇಳಿಸಿಕೊಳ್ಳಬೇಕಾಗಿದ್ದದ್ದು ಕಾರ್ಯವಿಧಾನದ ಪ್ರಶ್ನೆಯನ್ನು: ಅವರು ಘೋಷಣಾ ಪತ್ರದಲ್ಲಿ ಏನು ಬರೆದರು, ಯಾವ ವರ್ಷ ಬರೆದರು, ಆ ಪತ್ರವನ್ನು ಸಾಲಗಾರರ ಪಟ್ಟಿಯ ಜೊತೆ ಯಾರಾದರೂ ಹೋಲಿಸಿ ನೋಡಿದರೇ, ಸಭೆಯ ನಡಾವಳಿಯಲ್ಲಿ ಅವರು ಹೊರಗೆ ಹೋದ ದಾಖಲೆ ಇದೆಯೇ? ಇವು ನಾಲ್ಕೂ ಕಡತ ತೆಗೆದು ಒಂದು ದಿನದಲ್ಲಿ ಉತ್ತರಿಸಬಹುದಾದ ಪ್ರಶ್ನೆಗಳು. ಯಾರ ಚಾರಿತ್ರ್ಯವನ್ನೂ ಶಂಕಿಸದೆ ಕೇಳಬಹುದಾದ ಪ್ರಶ್ನೆಗಳು ಕೂಡ.

ಸಂಬಂಧಿ ಎಂದರೆ ಯಾರು

ಪ್ರಕರಣದ ಇನ್ನೊಂದು ಎಳೆಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ. ದೀಪಕ್ ಕೊಚ್ಚರ್ ಅವರ ಸಹೋದರರು ಸಿಂಗಪುರದಲ್ಲಿ ಹಣಕಾಸು ಸಲಹಾ ಸಂಸ್ಥೆಯೊಂದನ್ನು ನಡೆಸುತ್ತಿದ್ದರು. ಸಾಲದ ಮರುಹೊಂದಾಣಿಕೆ ಬಯಸುವ ಕಂಪನಿಗಳಿಗೆ ಆ ಸಂಸ್ಥೆ ಸಲಹೆ ಕೊಡುತ್ತಿತ್ತು. ಅವುಗಳಲ್ಲಿ ಐಸಿಐಸಿಐ ಬ್ಯಾಂಕಿನ ಸಾಲಗಾರರೂ ಇದ್ದರು. ಪ್ರಶ್ನೆ ಎದ್ದಾಗ ಬ್ಯಾಂಕು ಕೊಟ್ಟ ಉತ್ತರ: ಆ ಸಂಸ್ಥೆಯನ್ನು ಬ್ಯಾಂಕು ಯಾವತ್ತೂ ನೇಮಿಸಿಕೊಂಡಿಲ್ಲ, ಮತ್ತು ಗಂಡನ ಸಹೋದರ 1956ರ ಕಾಯ್ದೆಯಲ್ಲಾಗಲಿ 2013ರ ಕಾಯ್ದೆಯಲ್ಲಾಗಲಿ ಸಂಬಂಧಿಕರ ವ್ಯಾಖ್ಯೆಯೊಳಗೆ ಬರುವುದಿಲ್ಲ.

ಕಾನೂನಿನ ಅಕ್ಷರ ನೋಡಿದರೆ ಬ್ಯಾಂಕಿನ ಮಾತು ಸರಿ. 2013ರ ಕಾಯ್ದೆ ಮತ್ತು ಅದರಡಿಯ ನಿಯಮಗಳ ಪ್ರಕಾರ ಸಂಬಂಧಿಕರೆಂದರೆ ಹಿಂದೂ ಅವಿಭಕ್ತ ಕುಟುಂಬದ ಸದಸ್ಯರು, ಗಂಡ ಅಥವಾ ಹೆಂಡತಿ, ತಂದೆ, ತಾಯಿ, ಮಗ, ಸೊಸೆ, ಮಗಳು, ಅಳಿಯ, ಸಹೋದರ, ಸಹೋದರಿ. ನಮ್ಮ ಮನೆಗಳಲ್ಲಿ ದಿನವೂ ವ್ಯವಹಾರ ನಡೆಯುವ ಎಷ್ಟೋ ಸಂಬಂಧಗಳು ಈ ಪಟ್ಟಿಯ ಹೊರಗಿವೆ: ಭಾವ, ಮೈದುನ, ನಾದಿನಿ, ಓರಗಿತ್ತಿ, ಷಡ್ಡಕ, ಸೋದರಮಾವ, ಬೀಗರು. ಕರ್ನಾಟಕದಲ್ಲಿ ಅಂಗಡಿ ಪಾಲುದಾರಿಕೆಯಾಗಲಿ ಗುತ್ತಿಗೆಯಾಗಲಿ ಹೆಚ್ಚಾಗಿ ಕಾಣುವುದು ಭಾವ–ಮೈದುನರ ನಡುವೆ, ಷಡ್ಡಕರ ನಡುವೆ. ತಮ್ಮನ ಹೆಸರಿನಲ್ಲಿ ಟೆಂಡರ್ ಹಾಕಿದರೆ ಸಿಕ್ಕಿಬೀಳುತ್ತೇವೆಂದು ಗೊತ್ತಿರುವವರು ಹೆಂಡತಿಯ ತಮ್ಮನ ಹೆಸರಿನಲ್ಲಿ ಹಾಕುತ್ತಾರೆ. ಕಾಯ್ದೆಗೆ ಒಂದು ಗಡಿ ಬೇಕೇ ಬೇಕು. ಅದು ಶಿಕ್ಷೆ ವಿಧಿಸುವ ಸಾಧನವಾದ್ದರಿಂದ ಅದರ ವ್ಯಾಖ್ಯೆ ಬಿಗಿಯಾಗಿರುವುದು ನ್ಯಾಯವೇ. ಆದರೆ ಸಂಸ್ಥೆಯ ಆಂತರಿಕ ನೀತಿಸಂಹಿತೆ ಕಾಯ್ದೆಯ ಪಟ್ಟಿಯನ್ನೇ ನಕಲು ಮಾಡಿ ಸುಮ್ಮನಾದರೆ ಅದಕ್ಕೆ ಪ್ರತ್ಯೇಕ ಪ್ರಯೋಜನವೇ ಉಳಿಯುವುದಿಲ್ಲ. ನೀತಿಸಂಹಿತೆ ಕೇಳಬೇಕಾದ ಪ್ರಶ್ನೆ ಸರಳ: ಈ ನಿರ್ಧಾರದಿಂದ ಲಾಭವಾಗುವವರಲ್ಲಿ ನಿಮ್ಮ ಮನೆಯ ಶುಭಕಾರ್ಯಕ್ಕೆ ಕರೆಯದೆ ಇರಲಾಗದವರು ಯಾರಾದರೂ ಇದ್ದಾರೆಯೇ, ಅಥವಾ ಅಂಥವರೊಡನೆ ಹಣದ ವ್ಯವಹಾರ ಇಟ್ಟುಕೊಂಡವರು ಇದ್ದಾರೆಯೇ?

ಸರ್ಕಾರಿ ನೌಕರರ ನಿಯಮ ಈ ವಿಷಯದಲ್ಲಿ ಹೆಚ್ಚು ಸ್ಪಷ್ಟವಾಗಿದೆ. ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು, 1964ರ 4ನೇ ನಿಯಮದ ಪ್ರಕಾರ, ಕುಟುಂಬದ ಸದಸ್ಯರು ಕೆಲಸ ಮಾಡುವ ಸಂಸ್ಥೆಗೆ ಸಂಬಂಧಿಸಿದ ಅಥವಾ ತಾನು ಇಲ್ಲವೇ ತನ್ನ ಕುಟುಂಬದವರು ಆಸಕ್ತಿ ಹೊಂದಿರುವ ವಿಷಯವನ್ನು ನೌಕರನು ತಾನೇ ನಿಭಾಯಿಸುವಂತಿಲ್ಲ. ಅದನ್ನು ಮೇಲಧಿಕಾರಿಗೆ ಒಪ್ಪಿಸಬೇಕು, ಮುಂದಿನ ವಿಲೇವಾರಿ ಅವರ ನಿರ್ದೇಶನದಂತೆ ಆಗಬೇಕು. ಇಲ್ಲಿ ನೌಕರ ತಪ್ಪಿತಸ್ಥನೇ ಎಂಬ ವಿಚಾರಣೆ ಇಲ್ಲ. ಕಡತ ಕೈಬದಲಾಗಬೇಕು, ಅಷ್ಟೇ. ನಗರ ಸಹಕಾರಿ ಬ್ಯಾಂಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಇನ್ನೂ ಕಠಿಣವಾಗಿ ನಡೆದುಕೊಂಡು, ನಿರ್ದೇಶಕರಿಗೂ ಅವರ ಸಂಬಂಧಿಕರಿಗೂ ಸಾಲ ಕೊಡುವುದನ್ನು 2003ರಲ್ಲಿ ನಿರ್ಬಂಧಿಸಿತು. ಆದರೆ ಕೊಚ್ಚರ್ ಪ್ರಕರಣದಲ್ಲಿ ಸಾಲ ಹೋದದ್ದು ಗಂಡನ ಕಂಪನಿಗಲ್ಲ, ಗಂಡನ ಕಂಪನಿಗೆ ಬಂಡವಾಳ ಒದಗಿಸಿದವನ ಕಂಪನಿಗೆ. ಇಂಥ ಒಂದು ಹೆಜ್ಜೆ ಆಚೆಯ ಸಂಬಂಧವನ್ನು ನೇರ ನಿಷೇಧಗಳು ಹಿಡಿಯಲಾರವು. ಅದನ್ನು ಹಿಡಿಯಬಲ್ಲದ್ದು ಸಂಬಂಧಪಟ್ಟವರೇ ಮುಂದಾಗಿ ಮಾಡುವ ಘೋಷಣೆ, ಮತ್ತು ಆ ಘೋಷಣೆಯನ್ನು ಪರೀಕ್ಷಿಸುವ ಇನ್ನೊಬ್ಬರ ಕಣ್ಣು.

ಶ್ರೀಕೃಷ್ಣ ಸಮಿತಿ ಕಂಡದ್ದು

2018ರ ಮೇ ಕೊನೆಯಲ್ಲಿ ಮಂಡಳಿ ತನ್ನ ನಿಲುವು ಬದಲಿಸಿ, ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ನೇತೃತ್ವದಲ್ಲಿ ಸ್ವತಂತ್ರ ವಿಚಾರಣೆಗೆ ಆದೇಶಿಸಿತು. ಕೊಚ್ಚರ್ ಜೂನ್‌ನಲ್ಲಿ ರಜೆಯ ಮೇಲೆ ಹೋದರು, ಅಕ್ಟೋಬರ್ 4ರಂದು ಹುದ್ದೆ ತೊರೆದರು. ಸಂದೀಪ್ ಬಕ್ಷಿ ಆ ಸ್ಥಾನಕ್ಕೆ ಬಂದರು. 2019ರ ಜನವರಿ 30ರಂದು ವರದಿಯ ಸಾರ ಪ್ರಕಟವಾಯಿತು. ಬ್ಯಾಂಕಿನ ನೀತಿಸಂಹಿತೆ, ಹಿತಾಸಕ್ತಿ ಸಂಘರ್ಷದ ಚೌಕಟ್ಟು ಮತ್ತು ನಂಬಿಕೆಗೆ ಬದ್ಧವಾದ ಕರ್ತವ್ಯಗಳನ್ನು ಕೊಚ್ಚರ್ ಉಲ್ಲಂಘಿಸಿದ್ದಾರೆ, ವಾರ್ಷಿಕ ಘೋಷಣೆಗಳಲ್ಲಿ ಅಗತ್ಯ ಶ್ರದ್ಧೆ ತೋರಿಲ್ಲ ಎಂದು ವರದಿ ಹೇಳಿತು. ಅವರ ನಿರ್ಗಮನವನ್ನು ಕಾರಣಸಹಿತ ವಜಾ ಎಂದು ಪರಿಗಣಿಸುವುದಾಗಿಯೂ, 2009ರ ಏಪ್ರಿಲ್‌ನಿಂದ 2018ರ ಮಾರ್ಚ್‌ವರೆಗಿನ ಬೋನಸ್ಸನ್ನು ಹಿಂಪಡೆಯುವುದಾಗಿಯೂ ಬ್ಯಾಂಕು ಪ್ರಕಟಿಸಿತು. ತೀವ್ರ ನೋವಾಗಿದೆ, ಬ್ಯಾಂಕಿನಲ್ಲಿ ಸಾಲದ ಯಾವ ನಿರ್ಧಾರವೂ ಒಬ್ಬರೇ ತೆಗೆದುಕೊಳ್ಳುವಂಥದ್ದಲ್ಲ ಎಂಬುದು ಕೊಚ್ಚರ್ ಅವರ ಪ್ರತಿಕ್ರಿಯೆ.

ವರದಿಯ ಸಾರದಲ್ಲಿ ಬಹುಪಾಲು ಓದುಗರು ದಾಟಿಹೋದ ಒಂದು ಮಾತಿದೆ. ಸಂಘರ್ಷವನ್ನು ತಪ್ಪಿಸುವ ಬ್ಯಾಂಕಿನ ವ್ಯವಸ್ಥೆ, ನಿರ್ದೇಶಕರು ತಾವಾಗಿಯೇ ಹಿತಾಸಕ್ತಿ ತಿಳಿಸಿ ತಾವಾಗಿಯೇ ಹಿಂದೆ ಸರಿಯುವುದನ್ನಷ್ಟೇ ಅವಲಂಬಿಸಿತ್ತು, ಆದ್ದರಿಂದ ಕೊಚ್ಚರ್ ಅವರ ನಡವಳಿಕೆಯಿಂದ ಆ ವ್ಯವಸ್ಥೆಯೇ ನಿಷ್ಫಲವಾಯಿತು ಎಂಬುದು ಅದರ ತಾತ್ಪರ್ಯ. ಇದು ಕೊಚ್ಚರ್ ಅವರ ಮೇಲಿನ ಆರೋಪವಾಗಿ ಬರೆದ ಮಾತು. ಬ್ಯಾಂಕಿನ ಮೇಲೂ ಅಷ್ಟೇ ಗಂಭೀರವಾದ ಆರೋಪವೆಂದು ನಾನು ಓದುತ್ತೇನೆ. ಲಕ್ಷಾಂತರ ಠೇವಣಿದಾರರ ಹಣ ಇಟ್ಟುಕೊಂಡಿರುವ ಸಂಸ್ಥೆ ಒಂದು ನಮೂನೆಯಲ್ಲಿ ಒಬ್ಬರು ಒಂದು ಸಾಲು ಬರೆಯದೆ ಬಿಟ್ಟರೆ ಕುರುಡಾಗುವ ವ್ಯವಸ್ಥೆಯನ್ನು ಇಟ್ಟುಕೊಂಡಿತ್ತೆಂದರೆ, ಆ ಒಂದು ಸಾಲಿನ ಹೊಣೆ ಅವರದು, ಕುರುಡುತನದ ಹೊಣೆ ಮಂಡಳಿಯದು. ಸಣ್ಣ ರೈತನೊಬ್ಬ ಬೆಳೆಸಾಲಕ್ಕೆ ಹೋದರೆ ಪಹಣಿ, ಬೇರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ, ಜಾಮೀನುದಾರರ ವಿವರ ಎಲ್ಲವನ್ನೂ ತಾಳೆ ನೋಡಲಾಗುತ್ತದೆ. ನಿರ್ದೇಶಕರ ಘೋಷಣೆಯನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಸಾರ್ವಜನಿಕ ದಾಖಲೆಯೊಂದಿಗೆ ತಾಳೆ ನೋಡಿದ್ದರೆ ನ್ಯೂಪವರ್‌ನ ಆರಂಭಿಕ ನಿರ್ದೇಶಕರ ಪಟ್ಟಿಯಲ್ಲಿ ಧೂತ್ ಅವರ ಹೆಸರು ಸಿಗುತ್ತಿತ್ತು.

ನಂತರದ ಕಾನೂನು ಪ್ರಕ್ರಿಯೆಯನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ವಜಾದ ವಿರುದ್ಧದ ಅರ್ಜಿಯನ್ನು ಬಾಂಬೆ ಹೈಕೋರ್ಟ್ 2020ರ ಮಾರ್ಚ್‌ನಲ್ಲಿ, ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ ಅದೇ ಡಿಸೆಂಬರ್‌ನಲ್ಲಿ ತಳ್ಳಿಹಾಕಿದವು. ಖಾಸಗಿ ಬ್ಯಾಂಕು ಮತ್ತು ಅದರ ಉದ್ಯೋಗಿಯ ನಡುವಿನ ವಿವಾದ ಇದು ಎಂಬುದು ಕಾರಣ. ಸಿಬಿಐ 2022ರ ಡಿಸೆಂಬರ್‌ನಲ್ಲಿ ದಂಪತಿಯನ್ನು ಬಂಧಿಸಿತು. ಆ ಬಂಧನ ಕಾನೂನುಬದ್ಧವಾಗಿರಲಿಲ್ಲವೆಂದು ಹೈಕೋರ್ಟ್ ಹೇಳಿತು. 2025ರ ಜುಲೈನಲ್ಲಿ ಮೇಲ್ಮನವಿ ನ್ಯಾಯಮಂಡಳಿಯೊಂದು ಆಸ್ತಿ ಜಪ್ತಿಯ ವಿಷಯದಲ್ಲಿ ಜಾರಿ ನಿರ್ದೇಶನಾಲಯದ ವಾದವನ್ನು ಎತ್ತಿಹಿಡಿದು, 300 ಕೋಟಿ ಸಾಲಕ್ಕೂ 64 ಕೋಟಿಗೂ ನಂಟಿದೆ, ಕೊಚ್ಚರ್ ಸಮಿತಿಯಿಂದ ದೂರವಿರಬೇಕಿತ್ತು ಎಂದು ಅಭಿಪ್ರಾಯಪಟ್ಟಿತು. ಕ್ರಿಮಿನಲ್ ಮೊಕದ್ದಮೆಯ ವಿಚಾರಣೆ ಅದರಿಂದ ಪ್ರತ್ಯೇಕ.

ಬೇರೆ ದಾರಿ ಹೇಗಿರುತ್ತಿತ್ತು

ಅಪರಾಧದ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಎಲ್ಲರೂ ಸದುದ್ದೇಶದಿಂದಲೇ ನಡೆದರು ಎಂದು ಊಹಿಸಿಕೊಂಡು, 2008ರ ಡಿಸೆಂಬರ್‌ಗೆ ಹಿಂದಿರುಗೋಣ. ಆಗ ಬ್ಯಾಂಕಿನ ಕಂಪನಿ ಕಾರ್ಯದರ್ಶಿಗೆ ಇಂಥದೊಂದು ಪತ್ರ ಹೋಗಬಹುದಿತ್ತು: “ನನ್ನ ಪತಿ ಈ ತಿಂಗಳು ನವೀಕರಿಸಬಹುದಾದ ಇಂಧನದ ಕಂಪನಿಯೊಂದನ್ನು ಆರಂಭಿಸಿದ್ದಾರೆ. ಅದರಲ್ಲಿ ನಮ್ಮ ಬ್ಯಾಂಕಿನ ಗ್ರಾಹಕರಾದ ವಿಡಿಯೋಕಾನ್ ಸಮೂಹದ ಮುಖ್ಯಸ್ಥರು ಪಾಲುದಾರರು. ಈ ಸಮೂಹಕ್ಕೆ ಸಂಬಂಧಿಸಿದ ಯಾವುದೇ ಪ್ರಸ್ತಾವದ ಟಿಪ್ಪಣಿ ನನಗೆ ಬರಬಾರದೆಂದೂ, ಚರ್ಚೆಯ ಹೊತ್ತಿಗೆ ನಾನು ಸಭೆಯಲ್ಲಿ ಇರುವುದಿಲ್ಲವೆಂದೂ ದಾಖಲಿಸಿಕೊಳ್ಳಿ. ಪಾಲುದಾರಿಕೆಯಲ್ಲಿ ಬದಲಾವಣೆಯಾದರೆ ತಿಳಿಸುತ್ತೇನೆ.” ಇಷ್ಟು ಬರೆಯಲು ಹತ್ತು ನಿಮಿಷ ಸಾಕು. 2009ರ ಆಗಸ್ಟ್ 26ರ ನಡಾವಳಿಯಲ್ಲಿ ಆಗ ಒಂದು ಸಾಲು ಹೆಚ್ಚಿಗೆ ಇರುತ್ತಿತ್ತು: ಈ ವಿಷಯವನ್ನು ಕೈಗೆತ್ತಿಕೊಳ್ಳುವ ಮುನ್ನ ವ್ಯವಸ್ಥಾಪಕ ನಿರ್ದೇಶಕರು ಸಭೆಯಿಂದ ನಿರ್ಗಮಿಸಿದರು, ನಿರ್ಣಯದ ನಂತರ ಹಿಂತಿರುಗಿದರು.

ಟಿಪ್ಪಣಿಯೇ ಬರಬಾರದು ಎಂಬ ಮಾತನ್ನು ಪತ್ರದಲ್ಲಿ ಸೇರಿಸಿದ್ದು ಉದ್ದೇಶಪೂರ್ವಕ. ಸಾಲದ ಹಣೆಬರಹ ತೀರ್ಮಾನವಾಗುವುದು ಸಭೆಯಲ್ಲಿ ಅಲ್ಲ. ಅದಕ್ಕೆ ವಾರಗಳ ಮೊದಲು, ಕರಡು ಟಿಪ್ಪಣಿ ಮೇಜಿನಿಂದ ಮೇಜಿಗೆ ಸಾಗುವಾಗ, ಯಾವ ಷರತ್ತು ಇರಲಿ ಯಾವುದು ಬೇಡ ಎಂದು ಪೆನ್ಸಿಲ್‌ನಲ್ಲಿ ಅಂಚಿಗೆ ಬರೆಯುವಾಗ. ಸಭೆಯ ದಿನ ಮಾತ್ರ ಎದ್ದು ಹೊರಗೆ ಹೋಗುವುದು ನಿಯಮದ ಅರ್ಧ ಪಾಲನೆ.

ಬೆಂಗಳೂರಿನ ಒಂದು ನಿದರ್ಶನವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬಹುದು. ಎನ್.ಆರ್. ನಾರಾಯಣಮೂರ್ತಿ 2013ರ ಜೂನ್‌ನಲ್ಲಿ ಇನ್ಫೋಸಿಸ್‌ಗೆ ಕಾರ್ಯನಿರ್ವಾಹಕ ಅಧ್ಯಕ್ಷರಾಗಿ ಮರಳಿದಾಗ ಮಗ ರೋಹನ್ ಮೂರ್ತಿ ಅವರನ್ನು ತಮ್ಮ ಕಾರ್ಯನಿರ್ವಾಹಕ ಸಹಾಯಕರಾಗಿ ಕರೆತಂದರು. ಸಂಸ್ಥಾಪಕರ ಮಕ್ಕಳಿಗೆ ಕಂಪನಿಯಲ್ಲಿ ಹುದ್ದೆಯಿಲ್ಲ ಎಂಬ ಹಳೆಯ ನಿಲುವಿಗೆ ಇದು ವಿರುದ್ಧವಾಗಿತ್ತು, ಟೀಕೆಯೂ ಬಂತು. ಆ ಟೀಕೆ ಸರಿಯೆಂದೇ ನನ್ನ ಅಭಿಪ್ರಾಯ. ಆದರೂ ನೇಮಕ, ಹುದ್ದೆ, ವರ್ಷಕ್ಕೆ 1 ರೂಪಾಯಿ ವೇತನ ಎಲ್ಲವೂ ಮೊದಲ ದಿನವೇ ಷೇರುದಾರರ ಕಣ್ಣ ಮುಂದೆ ಇದ್ದವು. ಒಂದು ವರ್ಷದ ನಂತರ ತಂದೆ ಹುದ್ದೆ ಬಿಟ್ಟಾಗ ಮಗನೂ ಬಿಟ್ಟರು. ಬಹಿರಂಗಗೊಂಡ ಸಂಬಂಧವನ್ನು ಜನ ಒಪ್ಪಬಹುದು, ತಿರಸ್ಕರಿಸಬಹುದು, ಮಂಡಳಿಯನ್ನು ಪ್ರಶ್ನಿಸಬಹುದು. ಗೊತ್ತಿಲ್ಲದ ಸಂಬಂಧದ ಬಗ್ಗೆ ಅವರು ಏನೂ ಮಾಡಲಾಗುವುದಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಈ ಪ್ರಕರಣದ ನಂತರ ಉನ್ನತ ಹುದ್ದೆಯ ಮಹಿಳೆಯರ ಗಂಡಂದಿರು ಉದ್ಯಮವನ್ನೇ ಮಾಡಬಾರದೇನೋ ಎಂಬಂಥ ಮಾತುಗಳು ಕೇಳಿಬಂದವು. ಅದು ಅನ್ಯಾಯ. ಗಂಡಸರು ಮುಖ್ಯಸ್ಥರಾಗಿರುವ ಕಡೆ ಹೆಂಡತಿಯ, ಮಗನ, ಬೀಗರ ವ್ಯವಹಾರಗಳ ಬಗ್ಗೆ ಇಷ್ಟು ಕಟ್ಟುನಿಟ್ಟಾಗಿ ಕೇಳುವವರು ಕಡಿಮೆ. ದುಡಿಯುವ ದಂಪತಿಗಳೇ ಹೆಚ್ಚುತ್ತಿರುವಾಗ ಒಂದೇ ಕ್ಷೇತ್ರದಲ್ಲಿ ಇಬ್ಬರೂ ಇರುವುದು, ಒಬ್ಬರ ಗ್ರಾಹಕ ಇನ್ನೊಬ್ಬರ ಹೂಡಿಕೆದಾರನಾಗುವುದು ಸಾಮಾನ್ಯ ಸಂಗತಿ. ಸಂಘರ್ಷ ಉಂಟಾಗುವುದು ತಪ್ಪಲ್ಲ, ಅದನ್ನು ತಿಳಿಸದೆ ನಿರ್ಧಾರದಲ್ಲಿ ಪಾಲ್ಗೊಳ್ಳುವುದು ತಪ್ಪು. ಈ ಭೇದವನ್ನು ನೀತಿಸಂಹಿತೆ ಮೊದಲ ಪುಟದಲ್ಲೇ ಬರೆದರೆ ತಿಳಿಸಲು ಹೆದರುವವರ ಸಂಖ್ಯೆ ಇಳಿಯುತ್ತದೆ. ತಿಳಿಸಿದ ಕೂಡಲೇ ಅನುಮಾನದಿಂದ ನೋಡುವ ಕಚೇರಿಯಲ್ಲಿ ಯಾರೂ ಎರಡನೆಯ ಬಾರಿ ತಿಳಿಸುವುದಿಲ್ಲ.

ಸಭೆಯಲ್ಲಿ ಉಳಿದವರು

ಮುಖ್ಯಸ್ಥರು ಘೋಷಣೆ ಮಾಡಿ, ಕಡತ ಬಿಟ್ಟು, ಸಭೆಯಿಂದಲೂ ಹೊರಗೆ ಹೋದರು ಎಂದುಕೊಂಡರೂ ಸಮಸ್ಯೆ ಪೂರ್ತಿ ಬಗೆಹರಿಯುವುದಿಲ್ಲ. ಕೊಠಡಿಯಲ್ಲಿ ಉಳಿದವರು ಅವರ ಕೈಕೆಳಗಿನ ಅಧಿಕಾರಿಗಳು. ಇವರ ಬಡ್ತಿ, ಬೋನಸ್ಸು, ವರ್ಗಾವಣೆ ಅವರ ಸಹಿಯಲ್ಲಿದೆ. ಅವರು ಯಾಕೆ ಎದ್ದು ಹೋದರೆಂದು ಇವರಿಗೆ ಈಗ ಅಧಿಕೃತವಾಗಿಯೇ ಗೊತ್ತಾಗಿದೆ. ಪ್ರಸ್ತಾವವನ್ನು ತಿರಸ್ಕರಿಸಿದರೆ ಮೇಡಂ ಬೇಸರಪಟ್ಟುಕೊಳ್ಳುತ್ತಾರೇನೋ ಎಂಬ ಅಳುಕು ಯಾವ ನಡಾವಳಿಯಲ್ಲೂ ದಾಖಲಾಗುವುದಿಲ್ಲ, ಆದರೆ ಮತದಲ್ಲಿ ಕಾಣಿಸಿಕೊಳ್ಳುತ್ತದೆ. ಸಾಲದ ನಿರ್ಧಾರ ಸಾಮೂಹಿಕವಾಗಿತ್ತು ಎಂಬ ಸಮಜಾಯಿಷಿಯ ನಿಜವಾದ ದೌರ್ಬಲ್ಯ ಇಲ್ಲಿದೆ.

ಹಾಗಾಗಿ ಮುಖ್ಯ ಕಾರ್ಯನಿರ್ವಾಹಕರ ಕುಟುಂಬಕ್ಕೆ ತಾಗುವ ಪ್ರಸ್ತಾವ ಕಾರ್ಯನಿರ್ವಾಹಕರ ಸಮಿತಿಯಲ್ಲಿ ಉಳಿಯಬಾರದು. ಅದು ಸ್ವತಂತ್ರ ನಿರ್ದೇಶಕರು ಮಾತ್ರ ಇರುವ ಸಮಿತಿಗೆ ಹೋಗಬೇಕು. ಟಿಪ್ಪಣಿ ಸಿದ್ಧಪಡಿಸುವ ಅಧಿಕಾರಿಯ ಆ ವರ್ಷದ ಮೌಲ್ಯಮಾಪನವನ್ನು ಮುಖ್ಯಸ್ಥರ ಬದಲು ಅದೇ ಸಮಿತಿ ಮಾಡಬೇಕು. ಸಾಲ ಕೊಟ್ಟ ಮೇಲೆ ಕಂತು ತಪ್ಪಿದರೆ ಮರುಹೊಂದಾಣಿಕೆ, ರಿಯಾಯಿತಿ, ವಸೂಲಿ ಕ್ರಮ ಇವೆಲ್ಲವೂ ಅದೇ ಸಮಿತಿಯ ಮುಂದೆ ಬರಬೇಕು, ಏಕೆಂದರೆ ಮಂಜೂರಾತಿಯ ದಿನ ದೂರವಿದ್ದವರು ವಸೂಲಿಯ ದಿನ ಮೃದುವಾದರೂ ನಷ್ಟ ಅಷ್ಟೇ ಆಗುತ್ತದೆ. ಆಂತರಿಕ ಲೆಕ್ಕಪರಿಶೋಧಕರು ವರ್ಷಕ್ಕೊಮ್ಮೆ ಎಲ್ಲ ನಿರ್ದೇಶಕರ ಘೋಷಣೆಗಳನ್ನು ದೊಡ್ಡ ಸಾಲಗಾರರ ಮತ್ತು ಅವರ ಸಹ ಕಂಪನಿಗಳ ಪಟ್ಟಿಯೊಂದಿಗೆ ತಾಳೆ ನೋಡಿ, ಫಲಿತಾಂಶವನ್ನು ಮುಖ್ಯಸ್ಥರ ಮೂಲಕ ಕಳಿಸದೆ ನೇರವಾಗಿ ಲೆಕ್ಕಪರಿಶೋಧನಾ ಸಮಿತಿಗೆ ಒಪ್ಪಿಸಬೇಕು. ದೂರು ಬಂದರೆ ವಿಚಾರಣೆ ಮುಗಿಯುವವರೆಗೆ ಮುಖ್ಯಸ್ಥರನ್ನು ಆ ಸಮೂಹದ ಎಲ್ಲ ಕಡತಗಳಿಂದ ದೂರವಿಡಬೇಕು, ಮತ್ತು ವಿಚಾರಣೆ ನಡೆಸುವವರನ್ನು ಆರಿಸುವುದರಲ್ಲಿ ಅವರ ಕೈ ಇರಬಾರದು. 2016ರಲ್ಲಿ ಪತ್ರ ಬಂದಾಗ ಮಂಡಳಿ ಇಷ್ಟನ್ನು ಮಾಡಿದ್ದರೆ, 2018ರ ಮಾರ್ಚ್‌ನಲ್ಲಿ ವಿಶ್ವಾಸದ ಹೇಳಿಕೆ ಕೊಟ್ಟು ಎರಡು ತಿಂಗಳಲ್ಲಿ ಅದರಿಂದ ಹಿಂದೆ ಸರಿಯಬೇಕಾದ ಸ್ಥಿತಿ ಅದಕ್ಕೆ ಬರುತ್ತಿರಲಿಲ್ಲ.